ಎರಡು ಕೋಟ್‌ಗಳ ನಡುವೆ ಒಂದು ಅಕ್ಷರ

(ಪ್ರೋಗ್ರಾಮಿಂಗ್ ಕಲಿಯುತ್ತಿರುವ ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೋರ್ಡಿನ ಮೇಲೆ ಮೊದಲು ಒಂದು ಪದ ಬರೆಯುತ್ತೇನೆ: ವಿಕಟಕವಿ. ತೆನಾಲಿ ರಾಮಕೃಷ್ಣನ ಕಥೆ ಕೇಳಿ ಬೆಳೆದವರಿಗೆಲ್ಲ ಈ ಪದ ಗೊತ್ತು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ನಮ್ಮ ಅಲಂಕಾರಶಾಸ್ತ್ರದಲ್ಲಿ ಇಂಥದ್ದಕ್ಕೆ ಗತಪ್ರತ್ಯಾಗತ ಎಂಬ ಹೆಸರೇ ಇದೆ. ನಿಮ್ಮ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಅದು ಪಾಲಿಂಡ್ರೋಮ್ ಪ್ರೋಗ್ರಾಮ್. ಮೊದಲ ವರ್ಷದಲ್ಲಿ ಎಲ್ಲರೂ ಬರೆದಿರುತ್ತೀರಿ: ಮೊದಲ ಕ್ಯಾರೆಕ್ಟರನ್ನು ಕೊನೆಯದರ ಜೊತೆ ಹೋಲಿಸು, ಎರಡನೆಯದನ್ನು ಕೊನೆಯಿಂದ ಎರಡನೆಯದರ ಜೊತೆ ಹೋಲಿಸು, ಹೀಗೆ ನಡುವಿನ ತನಕ.

ಆ ಪ್ರೋಗ್ರಾಮಿಗೆ ವಿಕಟಕವಿಯನ್ನು ಕೊಟ್ಟು ನೋಡಿ. ಪಾಲಿಂಡ್ರೋಮ್ ಅಲ್ಲ ಎನ್ನುತ್ತದೆ. ಮೊದಲ ಹೋಲಿಕೆಯಲ್ಲೇ ಸೋಲುತ್ತದೆ. ನಾನು ಇದನ್ನು ಮೊದಲ ಸಲ ಕಂಡಾಗ ನನ್ನ ಲೂಪಿನಲ್ಲೇ ತಪ್ಪಿದೆ ಅಂದುಕೊಂಡು ಒಂದು ಸಂಜೆಯೆಲ್ಲ ಹುಡುಕಿದೆ. ಲೂಪು ಸರಿಯಾಗಿಯೇ ಇತ್ತು. ತಪ್ಪು ಇದ್ದದ್ದು 'ಕ್ಯಾರೆಕ್ಟರ್' ಅಂದರೆ ಏನು ಎಂಬ ನನ್ನ ತಿಳಿವಳಿಕೆಯಲ್ಲಿ. ಇವತ್ತಿನ ಮಾತೆಲ್ಲ ಅದರ ಬಗ್ಗೆ. ಅದಕ್ಕಾಗಿ ಭಾಷೆಯ ವ್ಯಾಕರಣದಲ್ಲಿ ಬಹಳ ಚಿಕ್ಕದೊಂದು ಮೂಲೆಯನ್ನು ಆರಿಸಿಕೊಂಡಿದ್ದೇನೆ: ಕ್ಯಾರೆಕ್ಟರ್ ಲಿಟರಲ್. ಸಿಂಗಲ್ ಕೋಟ್, ಒಳಗೆ ಒಂದು ಅಕ್ಷರ, ಮತ್ತೆ ಸಿಂಗಲ್ ಕೋಟ್. ಈ ಎರಡು ಕೋಟ್‌ಗಳ ನಡುವೆ ಇರುವುದು 'ಒಂದು' ಎಂದು ಭಾಷೆ ಮಾತು ಕೊಡುತ್ತದೆ. ಯಾವ 'ಒಂದು' ಎಂಬುದು ಮಾತ್ರ ಭಾಷೆಯಿಂದ ಭಾಷೆಗೆ ಬೇರೆ.

ಹಳೆಯ ಕಾಲದಿಂದ ಶುರು ಮಾಡೋಣ. ಆಸ್ಕಿ ಎಂದರೆ 1960ರ ದಶಕದಲ್ಲಿ ರೂಪುಗೊಂಡ, ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪಟ್ಟಿ, ಅದರಲ್ಲಿ ಒಟ್ಟು 128 ಸ್ಥಾನಗಳು. ಇಂಗ್ಲಿಷಿನ ದೊಡ್ಡ ಎ ಅಲ್ಲಿ 65, ಸಣ್ಣ ಎ 97, ಸೊನ್ನೆಯ ಅಂಕಿ 48. ಸಿ ಭಾಷೆಯಲ್ಲಿ ನೀವು ಸಿಂಗಲ್ ಕೋಟಿನಲ್ಲಿ ದೊಡ್ಡ ಎ ಬರೆದರೆ ಕಂಪೈಲರ್ ಅಲ್ಲಿ ಇಡುವುದು 65 ಎಂಬ ಸಂಖ್ಯೆ, ಅಷ್ಟೇ. ಹಾಗಾದರೆ ನೇರವಾಗಿ 65 ಎಂದೇ ಏಕೆ ಬರೆಯಬಾರದು? ಓದುವವರಿಗೆ ಅರ್ಥವಾಗಲಿ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಐಬಿಎಂನ ದೊಡ್ಡ ಯಂತ್ರಗಳು. ಅಲ್ಲಿ ಎಬ್ಸಿಡಿಕ್ ಎಂಬ ಬೇರೆಯದೇ ಪಟ್ಟಿ, ಅದರಲ್ಲಿ ದೊಡ್ಡ ಎ 193. ಅದಕ್ಕಿಂತ ವಿಚಿತ್ರವೆಂದರೆ ಐ 201ರಲ್ಲಿದ್ದರೆ ಅದರ ಮುಂದಿನ ಜೆ 209ರಲ್ಲಿದೆ, ನಡುವೆ ಅಕ್ಷರಗಳಿಲ್ಲದ ಕಂದಕ. 65 ಎಂದು ಬರೆದ ಪ್ರೋಗ್ರಾಮ್ ಅಲ್ಲಿ ಕೆಡುತ್ತದೆ. ಅಕ್ಷರವನ್ನೇ ಬರೆದ ಪ್ರೋಗ್ರಾಮ್ ಎರಡೂ ಕಡೆ ನಡೆಯುತ್ತದೆ. 'ಇದರ ಸಂಖ್ಯೆ ಎಷ್ಟೋ ನನಗೆ ಬೇಡ, ನನಗೆ ಬೇಕಾದದ್ದು ಈ ಅಕ್ಷರ' ಎಂದು ಹೇಳುವ ವಿಧಾನವೇ ಕ್ಯಾರೆಕ್ಟರ್ ಲಿಟರಲ್.

ಸಿ ಭಾಷೆಯ ನಿಯಮ ಇಲ್ಲೊಂದು ಭರವಸೆ ಕೊಡುತ್ತದೆ, ಇನ್ನೊಂದನ್ನು ಕೊಡುವುದಿಲ್ಲ. 0ಯಿಂದ 9ರ ತನಕ ಅಂಕಿಗಳು ಒಂದರ ಹಿಂದೆ ಒಂದು ಇದ್ದೇ ಇರುತ್ತವೆ ಎಂಬುದು ಕೊಟ್ಟ ಭರವಸೆ. ಆದ್ದರಿಂದ '7' - '0' ಎಂದು ಕಳೆದರೆ ಎಲ್ಲ ಯಂತ್ರದಲ್ಲೂ 7 ಸಿಗುತ್ತದೆ. ಅಕ್ಷರಗಳಿಗೆ ಅಂಥ ಭರವಸೆ ಇಲ್ಲ. ಎಬ್ಸಿಡಿಕ್‌ನ ಕಂದಕ ನೋಡಿದ ಮೇಲೆ ಯಾಕೆ ಇಲ್ಲ ಎಂದು ನಿಮಗೇ ಗೊತ್ತಾಗುತ್ತದೆ.

ಇಲ್ಲಿ ಕೂತವರಲ್ಲಿ ಹಲವರು '0', 0, '\0' ಈ ಮೂರರಲ್ಲಿ ಒಂದಲ್ಲ ಒಂದು ದಿನ ಎಡವಿರುತ್ತೀರಿ. ಮೊದಲನೆಯದು ಸೊನ್ನೆಯ ಅಂಕಿ, ಅದರ ಬೆಲೆ 48. ಎರಡನೆಯದು ಸಂಖ್ಯೆ. ಮೂರನೆಯದು ಸ್ಟ್ರಿಂಗ್, ಅಂದರೆ ಅಕ್ಷರಗಳ ಸರಣಿ, ಮುಗಿಯಿತು ಎಂದು ಹೇಳುವ ಗುರುತು, ಬೆಲೆ ಮತ್ತೆ 0. ಡಬಲ್ ಕೋಟಿನಲ್ಲಿ ಬರೆದ "0" ಈ ಮೂರೂ ಅಲ್ಲ. ಅದು ಎರಡು ಬೈಟಿನ ಸರಣಿ: ಮೊದಲು 48, ಆಮೇಲೆ 0. ಕ್ಯಾರೆಕ್ಟರನ್ನು ಡಬಲ್ ಕೋಟಿನ ಸ್ಟ್ರಿಂಗ್ ಜೊತೆ ಸಮ ಸಮ ಚಿಹ್ನೆ ಹಾಕಿ ಹೋಲಿಸಿದರೆ ಸಿ ಹೋಲಿಸುವುದು ಸ್ಟ್ರಿಂಗ್ ಇರುವ ವಿಳಾಸವನ್ನು. ಎಚ್ಚರಿಕೆಯ ಸಾಲು ಬರುತ್ತದೆ, ನಾವು ಓದದೆ ಮುಂದೆ ಹೋಗುತ್ತೇವೆ. ಇನ್ನೊಂದು ಮಾತು: ವಾಟ್ಸಾಪಿನಿಂದಲೋ ವರ್ಡ್ ಫೈಲಿನಿಂದಲೋ ಕೋಡ್ ನಕಲು ಮಾಡಿದರೆ ನೆಟ್ಟಗಿನ ಕೋಟ್ ಹೋಗಿ ಬಾಗಿದ ಕೋಟ್ ಬಂದಿರುತ್ತದೆ. ಜಿಸಿಸಿ ಎಂಬ ಸಿ ಕಂಪೈಲರ್ ಆಗ ದಾರಿತಪ್ಪಿದ 342 ಎಂದು ದೂರುತ್ತದೆ. ಅದು ಎಂಟರ ಲೆಕ್ಕದ ಸಂಖ್ಯೆ, ಬಾಗಿದ ಕೋಟಿನ ಮೊದಲ ಬೈಟು. ಅದು ಕಂಡರೆ ಲಾಜಿಕ್ ಹುಡುಕಬೇಡಿ, ಕೋಟ್ ಅಳಿಸಿ ಮತ್ತೆ ಟೈಪ್ ಮಾಡಿ.

ಈಗ ಸಿ ಭಾಷೆಯ ಒಂದು ಅಚ್ಚರಿ. ಕ್ಯಾರೆಕ್ಟರ್ ಲಿಟರಲ್ ಎಷ್ಟು ಜಾಗ ಹಿಡಿಯುತ್ತದೆ ಎಂದು ಕೇಳಿ ನೋಡಿ. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ 4 ಬೈಟು ಎನ್ನುತ್ತದೆ. ಅದೇ ಸಾಲನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಓಡಿಸಿ, 1 ಎನ್ನುತ್ತದೆ. ಸಿ ಪ್ರಕಾರ ಕೋಟಿನೊಳಗಿನ ಅಕ್ಷರ ಒಂದು ಪೂರ್ಣಾಂಕ. ಇದರ ಬೇರು ಬಿ ಎಂಬ ಭಾಷೆಯಲ್ಲಿದೆ. ಸಿ ಹುಟ್ಟುವ ಮುಂಚೆ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಕಟ್ಟಿದ ಭಾಷೆ ಅದು. ಅಲ್ಲಿ ಟೈಪ್, ಅಂದರೆ ಇದು ಸಂಖ್ಯೆಯೋ ಅಕ್ಷರವೋ ಎಂಬ ಬಗೆ, ಎಂಬುದೇ ಇರಲಿಲ್ಲ. ಎಲ್ಲವೂ ಯಂತ್ರದ ಒಂದು ವರ್ಡ್, ಅಂದರೆ ಯಂತ್ರ ಒಂದು ಸಲಕ್ಕೆ ಹಿಡಿಯುವಷ್ಟು ದೊಡ್ಡ ತುಣುಕು. ಆ ತುಣುಕಿನಲ್ಲಿ ಎಷ್ಟು ಅಕ್ಷರ ಹಿಡಿಸುತ್ತವೋ ಅಷ್ಟನ್ನೂ ಒಂದೇ ಸಿಂಗಲ್ ಕೋಟಿನೊಳಗೆ ತುಂಬಬಹುದಿತ್ತು. ಬ್ರಯಾನ್ ಕರ್ನಿಗನ್ ಬಿ ಭಾಷೆಗೆ ಬರೆದ ಪಾಠದಲ್ಲಿ 'ಹಲೋ ವರ್ಲ್ಡ್' ಎಂಬುದನ್ನು ನಾಲ್ಕು ನಾಲ್ಕು ಇಂಗ್ಲಿಷ್ ಅಕ್ಷರಗಳ ತುಂಡು ಮಾಡಿ, ಒಂದೊಂದು ತುಂಡನ್ನೂ ಸಿಂಗಲ್ ಕೋಟಿನಲ್ಲಿಟ್ಟು, ಒಂದರ ಹಿಂದೆ ಒಂದನ್ನು ಮುದ್ರಿಸಿದ್ದರು. ಡೆನ್ನಿಸ್ ರಿಚಿ ಬಿ ಯನ್ನು ಬೆಳೆಸಿ ಸಿ ಮಾಡುವಾಗ, 1970ರ ದಶಕದ ಮೊದಲ ವರ್ಷಗಳಲ್ಲಿ, ಬೈಟಿಗೊಂದು ವಿಳಾಸವಿದ್ದ ಪಿಡಿಪಿ-11 ಯಂತ್ರ ಬಂದಿತ್ತು. ಬೈಟಿನಷ್ಟು ಚಿಕ್ಕ ಟೈಪ್ ಬೇಕಾಯಿತು, ಅದನ್ನು ಸೇರಿಸಿದರು. ಆದರೆ ಕೋಟಿನೊಳಗಿನದು ಮಾತ್ರ ಪೂರ್ಣಾಂಕವಾಗಿಯೇ ಉಳಿಯಿತು. ಒಂದಕ್ಕಿಂತ ಹೆಚ್ಚು ಅಕ್ಷರ ತುಂಬುವ ಪದ್ಧತಿಯೂ ಉಳಿಯಿತು. ಅದರ ಬೆಲೆ ಏನು ಎಂಬುದನ್ನು ಸಿ ಭಾಷೆಯ ನಿಯಮ ಆಯಾ ಕಂಪೈಲರಿಗೆ ಬಿಟ್ಟುಕೊಟ್ಟಿದೆ.

ಜಾವಾದಲ್ಲೂ ಈ ಸಂಖ್ಯೆಯ ಗುಣ ಕಾಣುತ್ತದೆ. ಸಿಂಗಲ್ ಕೋಟಿನ ಸಣ್ಣ ಎ ಗೆ ಸಿಂಗಲ್ ಕೋಟಿನ ಸಣ್ಣ ಬಿ ಕೂಡಿಸಿ ಮುದ್ರಿಸಿದರೆ ಎರಡಕ್ಷರ ಅಕ್ಕಪಕ್ಕ ಬರುವುದಿಲ್ಲ, 195 ಬರುತ್ತದೆ. 97 ಕೂಡಿಸು 98. ಮುಂದೆ ಒಂದು ಖಾಲಿ ಸ್ಟ್ರಿಂಗ್ ಇಟ್ಟರೆ ಆಗ ಅಕ್ಷರಗಳಾಗಿ ಅಂಟಿಕೊಳ್ಳುತ್ತವೆ. ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್‌ನಲ್ಲಿ ಕ್ಯಾರೆಕ್ಟರ್ ಎಂಬ ಬೇರೆ ಟೈಪೇ ಇಲ್ಲ. ಅಲ್ಲಿ ಎರಡೂ ಬಗೆಯ ಕೋಟಿನಲ್ಲಿ ಸ್ಟ್ರಿಂಗೇ ಇರುವುದು, ಒಂದಕ್ಷರದ್ದೂ ಸ್ಟ್ರಿಂಗೇ. ಸ್ಮಾಲ್‌ಟಾಕ್ ಮತ್ತು ಅರ್ಲಾಂಗ್‌ನಲ್ಲಿ ಕೋಟ್ ಬದಲು ಅಕ್ಷರದ ಮುಂದೆ ಡಾಲರ್ ಚಿಹ್ನೆ. ಇವೆಲ್ಲ ಬರೆಯುವ ರೀತಿಯ ವ್ಯತ್ಯಾಸಗಳು, ಇದರ ಮೇಲೆ ಹೆಚ್ಚು ಹೊತ್ತು ಕಳೆಯುವುದಿಲ್ಲ.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಸಿ ಪ್ರೋಗ್ರಾಮಿನಲ್ಲಿ 'ಕ' ಎಂದು ಬರೆಯಿರಿ.

ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ 3200ರಿಂದ 3327ರ ತನಕ 128 ಸ್ಥಾನಗಳನ್ನು ಮೀಸಲಿಟ್ಟಿದ್ದಾರೆ. ಕ ಅದರಲ್ಲಿ 3221. ಫೈಲಿನಲ್ಲಿ ಉಳಿಸುವಾಗ ಯುಟಿಎಫ್-8 ಪದ್ಧತಿಯಲ್ಲಿ ಅದು ಮೂರು ಬೈಟ್ ಆಗುತ್ತದೆ: 224, 178, 149. ಸಿ ಕಂಪೈಲರಿಗೆ ಕಾಣುವುದು ಈ ಮೂರು ಬೈಟುಗಳು. ಜಿಸಿಸಿ ಇದನ್ನು ಕೋಟಿನೊಳಗೆ ಮೂರು ಕ್ಯಾರೆಕ್ಟರ್ ಇವೆ ಎಂದೇ ತಿಳಿಯುತ್ತದೆ. ಹಳೆಯ ಬಿ ಭಾಷೆಯ ಪದ್ಧತಿ ಇಲ್ಲಿ ಮತ್ತೆ ಜೀವ ಪಡೆಯುತ್ತದೆ. ಒಂದು ಎಚ್ಚರಿಕೆ ಕೊಟ್ಟು, ಮೂರನ್ನೂ ಒಂದರ ಪಕ್ಕ ಒಂದು ತುರುಕಿ 14725781 ಎಂಬ ಪೂರ್ಣಾಂಕ ಮಾಡಿಕೊಡುತ್ತದೆ. ಅದನ್ನು ಒಂದು ಬೈಟಿನ ವೇರಿಯಬಲ್‌ನಲ್ಲಿ ಇಟ್ಟರೆ ಕೊನೆಯ 149 ಮಾತ್ರ ಉಳಿಯುತ್ತದೆ. ಇಂಟೆಲ್ ಚಿಪ್ ಇರುವ ಲ್ಯಾಪ್‌ಟಾಪ್‌ನಲ್ಲಿ ಆ ಬೈಟನ್ನು ಋಣ ಚಿಹ್ನೆಯ ಲೆಕ್ಕದಲ್ಲಿ ಓದುವುದರಿಂದ -107 ಎಂದು ಮುದ್ರಿಸುತ್ತದೆ. ಅದೇ ಪ್ರೋಗ್ರಾಮನ್ನು ರಾಸ್ಪ್‌ಬೆರಿ ಪೈ ಮೇಲಿನ ಲಿನಕ್ಸ್‌ನಲ್ಲಿ ಓಡಿಸಿ, 149 ಬರುತ್ತದೆ. ಒಂದು 'ಕ' ಬರೆದದ್ದಕ್ಕೆ ಮೂರು ಉತ್ತರ, ಮೂರರಲ್ಲೂ ಕ ಇಲ್ಲ. ಕ್ಲ್ಯಾಂಗ್ ಕಂಪೈಲರ್ ಈ ಸಾಲನ್ನು ಒಪ್ಪುವುದೇ ಇಲ್ಲ, ನೇರವಾಗಿ ದೋಷ ಎನ್ನುತ್ತದೆ. ನನ್ನ ಮಟ್ಟಿಗೆ ಅದು ಹೆಚ್ಚು ಪ್ರಾಮಾಣಿಕ. ಸಿ ಯಲ್ಲೇ ಬರೆಯಬೇಕಾದರೆ ಕೋಟಿನ ಮುಂದೆ ಇಂಗ್ಲಿಷಿನ ದೊಡ್ಡ ಯು ಹಾಕಬಹುದು. 2011ರ ಆವೃತ್ತಿಯಿಂದ ಅದಕ್ಕೆ ಅವಕಾಶವಿದೆ. ಆಗ ಕ ಗೆ 3221 ಎಂಬ ಸರಿಯಾದ ಬೆಲೆ ಸಿಗುತ್ತದೆ.

ಜಾವಾದಲ್ಲಿ 'ಕ' ಎಂದು ಬರೆದರೆ ತೊಂದರೆ ಇರಬಾರದು. ಅಲ್ಲಿ ಕ್ಯಾರೆಕ್ಟರ್ ಎಂದರೆ 16 ಬಿಟ್, 65535ರ ತನಕ ಹಿಡಿಸುತ್ತದೆ, 3221 ಅದರೊಳಗೇ ಇದೆ. ಆದರೂ ವಿಂಡೋಸ್‌ನಲ್ಲಿ ಹಳೆಯ ಜಾವಾ ಬಳಸಿದವರು ಒಂದು ದೋಷ ಕಂಡಿರುತ್ತೀರಿ: ಕ್ಯಾರೆಕ್ಟರ್ ಲಿಟರಲ್ ಮುಚ್ಚಿಲ್ಲ ಅಂತ. ಕಣ್ಣೆದುರಿಗೆ ಕೋಟ್ ಮುಚ್ಚಿದೆ, ಕಂಪೈಲರ್ ಮುಚ್ಚಿಲ್ಲ ಎನ್ನುತ್ತಿದೆ. ಆಗಿರುವುದು ಇಷ್ಟು. ಫೈಲು ಯುಟಿಎಫ್-8ರಲ್ಲಿ ಉಳಿದಿದೆ, ಕಂಪೈಲರ್ ಅದನ್ನು ವಿಂಡೋಸಿನ ಪಶ್ಚಿಮ ಯುರೋಪಿನ ಪಟ್ಟಿಯಂತೆ ಓದುತ್ತಿದೆ. ಆ ಪಟ್ಟಿಯಲ್ಲಿ 224 ಎಂದರೆ ತಲೆಯ ಮೇಲೆ ಓರೆ ಗೆರೆಯಿರುವ ಸಣ್ಣ ಎ, 178 ಎಂದರೆ ಮೇಲಕ್ಕೆ ಬರೆದ ಪುಟ್ಟ 2, 149 ಎಂದರೆ ದಪ್ಪ ಚುಕ್ಕೆ. ಕೋಟಿನೊಳಗೆ ಈಗ ಮೂರು ಅಕ್ಷರ ಆದವು. ಕನ್ನಡದ ಪುಟಗಳು ಕೆಟ್ಟು ಕಾಣುವಾಗ ಈ ಓರೆ ಗೆರೆಯ ಎ ಮತ್ತು ಪುಟ್ಟ 2 ಜೋಡಿ ಸಾಲು ಸಾಲಾಗಿ ಬರುವುದನ್ನು ನೀವೆಲ್ಲ ನೋಡಿದ್ದೀರಿ. ಕನ್ನಡದ ಅರ್ಧ ಅಕ್ಷರಗಳ ಮೊದಲೆರಡು ಬೈಟು ಇವೇ ಆದ್ದರಿಂದ ಹಾಗೆ. ಉಳಿದರ್ಧಕ್ಕೆ ಎರಡನೆಯ ಬೈಟು 179, ಅಲ್ಲಿ ಪುಟ್ಟ 3 ಕಾಣುತ್ತದೆ. 2022ರಲ್ಲಿ ಬಂದ ಜಾವಾ 18ರಿಂದ ಕಂಪೈಲರ್ ತಾನಾಗಿಯೇ ಯುಟಿಎಫ್-8 ಎಂದು ಓದುತ್ತದೆ, ಈ ಕಾಟ ತಪ್ಪಿತು.

ಕ ಆಯಿತು. ಈಗ ಕೋಟಿನೊಳಗೆ ಒಂದು ಗುಡಿಸು ಸೇರಿಸಿ: 'ಕಿ'.

ಜಾವಾ ಒಪ್ಪುವುದಿಲ್ಲ. ಗೋ ಭಾಷೆ ಒಂದಕ್ಕಿಂತ ಹೆಚ್ಚು ಕ್ಯಾರೆಕ್ಟರ್ ಇದೆ ಎನ್ನುತ್ತದೆ. ರಸ್ಟ್ ಇಲ್ಲಿ ಒಂದೇ ಕೋಡ್ ಪಾಯಿಂಟ್ (ಯೂನಿಕೋಡ್ ಪಟ್ಟಿಯ ಒಂದು ಸ್ಥಾನ) ಇರಬೇಕು ಎಂದು ಹೇಳಿ, ಸ್ಟ್ರಿಂಗ್ ಬೇಕಿದ್ದರೆ ಡಬಲ್ ಕೋಟ್ ಹಾಕಿ ಎಂದು ದಾರಿಯನ್ನೂ ತೋರಿಸುತ್ತದೆ. ಕನ್ನಡ ಓದುವ ಒಂದನೇ ತರಗತಿಯ ಮಗುವನ್ನು ಕೇಳಿದರೆ ಕಿ ಒಂದೇ ಅಕ್ಷರ. ಹಾಗಾದರೆ ಕಂಪೈಲರುಗಳು ತಪ್ಪು ಹೇಳುತ್ತಿವೆಯೇ?

ಅದೇ ಮಗು ಕಾಗುಣಿತ ಹೇಳುವುದನ್ನು ಕೇಳಿಸಿಕೊಳ್ಳಿ. ಕ ಇಳಿ ಕಾ, ಕ ಗುಡಿಸು ಕಿ, ಕ ಕೊಂಬು ಕು, ಕ ಏತ್ವ ಕೆ. ಯೂನಿಕೋಡ್ ಉಳಿಸಿಕೊಳ್ಳುವುದು ಈ ಬಾಯಿಪಾಠವನ್ನೇ. ಕಿ ಎಂದರೆ ಕಂಪ್ಯೂಟರಿನ ಒಳಗೆ 3221 ಮತ್ತು 3263. ಮೊದಲನೆಯದು ಕ, ಎರಡನೆಯದು ಗುಡಿಸು. ಟೀಚರ್ ಕೋಲು ತೋರಿಸುತ್ತಾ ಹೇಳಿಸಿದ್ದು ಒಂದೊಂದು ಕೋಡ್ ಪಾಯಿಂಟನ್ನು, ಆ ಸಾಲಿನ ಕೊನೆಗೆ ಮಗು ಗಟ್ಟಿಯಾಗಿ ಕೂಗಿದ್ದು ಅಕ್ಷರವನ್ನು. ಗೋ ಮತ್ತು ರಸ್ಟ್‌ಗಳ ಕ್ಯಾರೆಕ್ಟರ್ ಲಿಟರಲ್‌ಗೆ 'ಕ' ಗೊತ್ತು, 'ಗುಡಿಸು' ಗೊತ್ತು. ಕಿ ಎಂಬುದು ಮಾತ್ರ ಅವುಗಳ ಮಟ್ಟಿಗೆ ಸ್ಟ್ರಿಂಗ್.

ಒಂದು ವಿಷಯ ನನಗೆ ಯಾವಾಗಲೂ ಬೆರಗು ತರುತ್ತದೆ. ಬಿ ಭಾಷೆಯಲ್ಲಿ ಕೋಟಿನೊಳಗೆ ನಾಲ್ಕು ನಾಲ್ಕು ಅಕ್ಷರ ತುಂಬಲು ಬಿಟ್ಟ ಅದೇ ಕೆನ್ ಥಾಂಪ್ಸನ್ 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ, ರಾಬ್ ಪೈಕ್ ಜೊತೆ ಊಟಕ್ಕೆ ಕೂತಾಗ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಯುಟಿಎಫ್-8ರ ರಚನೆಯನ್ನು ಗೀಚಿದರು. 2009ರಲ್ಲಿ ಅವರಿಬ್ಬರೂ ರಾಬರ್ಟ್ ಗ್ರೀಸೆಮರ್ ಜೊತೆ ಸೇರಿ ಹೊರತಂದ ಗೋ ಭಾಷೆಯಲ್ಲಿ ಕ್ಯಾರೆಕ್ಟರ್ ಎಂಬ ಹೆಸರನ್ನೇ ಕೈಬಿಟ್ಟು ರೂನ್ ಎಂದು ಕರೆದರು. ಅದು ಒಂದು ಕೋಡ್ ಪಾಯಿಂಟ್ ಹಿಡಿಯುವ 32 ಬಿಟ್‌ನ ಪೂರ್ಣಾಂಕ. ಕ್ಯಾರೆಕ್ಟರ್ ಎಂಬ ಪದ ಒಬ್ಬೊಬ್ಬರಿಗೆ ಒಂದೊಂದು ಅರ್ಥ ಕೊಡುತ್ತಿದ್ದ ಕಡೆ ಅವರು ಬೇರೆ ಪದ ಇಟ್ಟದ್ದು ನನಗೆ ಬಹಳ ಸರಿ ಎನಿಸುತ್ತದೆ.

ಈಗ 'ಕನ್ನಡ' ಎಂಬ ಪದವನ್ನೇ ತೆಗೆದುಕೊಂಡು ಅದರ ಉದ್ದ ಎಷ್ಟು ಎಂದು ಕೇಳೋಣ. ಗೋ ಭಾಷೆಯ ಉದ್ದ ಹೇಳುವ ಫಂಕ್ಷನ್ 15 ಎನ್ನುತ್ತದೆ, ಅದು ಬೈಟು ಎಣಿಸುತ್ತದೆ. ಪೈಥಾನ್ 3 ಮತ್ತು ಜಾವಾ 5 ಎನ್ನುತ್ತವೆ: ಕ, ನ, ಅರ್ಧಾಕ್ಷರದ ಚಿಹ್ನೆ (ನ ವನ್ನು ನ್ ಮಾಡುವ ಗುರುತು), ನ, ಡ. ನಾವು ನೀವು ಎಣಿಸಿದರೆ 3. ಇಷ್ಟನ್ನು ಹೇಳಿ ಮುಗಿಸುವವರು ಬಹಳ ಮಂದಿ. ಆದರೆ ನಡುವೆ ಇನ್ನೊಂದು ಸಂಖ್ಯೆ ಇದೆ, ನನ್ನ ಕಾಳಜಿ ಇರುವುದು ಅದರ ಮೇಲೆ.

2014ರಲ್ಲಿ ಆಪಲ್ ಹೊರತಂದ ಸ್ವಿಫ್ಟ್ ಭಾಷೆಯಲ್ಲಿ ಕ್ಯಾರೆಕ್ಟರ್ ಎಂದರೆ ಕೋಡ್ ಪಾಯಿಂಟ್ ಅಲ್ಲ, ಓದುಗರು ಒಂದು ಎಂದು ಕಾಣುವ ಗುಂಪು. ಯೂನಿಕೋಡ್ ಇದಕ್ಕೆ ಗ್ರಾಫೀಮ್ ಕ್ಲಸ್ಟರ್ ಎನ್ನುತ್ತದೆ. ಅಲ್ಲಿ ಸಿಂಗಲ್ ಕೋಟೇ ಇಲ್ಲ. ಡಬಲ್ ಕೋಟಿನಲ್ಲಿ "ಕಿ" ಎಂದು ಬರೆದು ಇದು ಕ್ಯಾರೆಕ್ಟರ್ ಎಂದು ಟೈಪ್ ಸೂಚಿಸಿದರೆ ಒಪ್ಪಿಕೊಳ್ಳುತ್ತದೆ. ಗುಡಿಸು, ಕೊಂಬು, ಇಳಿ ಎಲ್ಲವೂ ತಮ್ಮ ವ್ಯಂಜನಕ್ಕೆ ಅಂಟಿಕೊಂಡೇ ಬರುತ್ತವೆ. ವಿಕಟಕವಿ ಅಲ್ಲಿ 5 ಅಕ್ಷರ, ತಿರುಗಿಸಿದರೆ ಮತ್ತೆ ವಿಕಟಕವಿಯೇ.

ಹಾಗಾದರೆ ಕನ್ನಡ ಎಂಬ ಪದ 3 ಬರಬೇಕಲ್ಲ? ಗ್ರಾಫೀಮ್ ಕ್ಲಸ್ಟರಿನ ಮೂಲ ನಿಯಮದಂತೆ 4 ಬರುತ್ತದೆ: ಕ, ನ್, ನ, ಡ. ಆ ನಿಯಮಕ್ಕೆ ಸ್ವರಚಿಹ್ನೆ ಗೊತ್ತು, ಒತ್ತಕ್ಷರ ಗೊತ್ತಿಲ್ಲ. ಅರ್ಧಾಕ್ಷರದ ಚಿಹ್ನೆಯನ್ನು ಹಿಂದಿನ ನ ಗೆ ಅಂಟಿಸಿ, ಅಲ್ಲಿಗೆ ಕತ್ತರಿಸಿಬಿಡುತ್ತದೆ. 2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಇದನ್ನು ತಿದ್ದಲು ಹೊಸ ನಿಯಮವೊಂದನ್ನು ಸೇರಿಸಿದರು: ಅರ್ಧಾಕ್ಷರದ ಚಿಹ್ನೆಯ ಮುಂದೆ ವ್ಯಂಜನ ಬಂದರೆ ಕತ್ತರಿಸಬೇಡ. ಆದರೆ ಆ ನಿಯಮವನ್ನು ಆರು ಲಿಪಿಗಳಿಗೆ ಮಾತ್ರ ಅನ್ವಯಿಸಿದರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ನೋಡಲು ಅಣ್ಣತಮ್ಮಂದಿರಂತಿರುವ ಎರಡು ಲಿಪಿಗಳಲ್ಲಿ, ಆ ಆವೃತ್ತಿಯ ಪ್ರಕಾರ ತೆಲುಗಿನ ಕ್ಷ ಒಂದು ಅಕ್ಷರ, ನಮ್ಮ ಕ್ಷ ಎರಡು. ಇದನ್ನು ಹೇಳುವಾಗ ನನಗೆ ಬೇಸರವಾಗುತ್ತದೆ, ಮುಚ್ಚಿಡುವುದಿಲ್ಲ. ಈ ಪಟ್ಟಿಗಳು ಆಕಾಶದಿಂದ ಇಳಿದು ಬರುವುದಿಲ್ಲ. ಯಾರೋ ಕೂತು, ತಮ್ಮ ಲಿಪಿ ಹೇಗೆ ನಡೆದುಕೊಳ್ಳುತ್ತದೆ ಎಂದು ಬರೆದುಕೊಟ್ಟು, ಚರ್ಚೆ ಮಾಡಿ ಸೇರಿಸುತ್ತಾರೆ. ಪ್ರಸ್ತಾವ ಬರೆದು ಕಳಿಸಲು ಇಂಥವರೇ ಆಗಿರಬೇಕು ಎಂಬ ನಿಯಮವೇನೂ ಇಲ್ಲ. ನಿಮ್ಮಲ್ಲಿ ಯಾರಾದರೂ ಕೂಡ ಬರೆಯಬಹುದು.

15, 5, 4, 3. ಒಂದೇ ಪದ, ನಾಲ್ಕು ಉದ್ದ. ಯಾವುದೂ ಸುಳ್ಳಲ್ಲ. ಡಿಸ್ಕಿನಲ್ಲಿ ಎಷ್ಟು ಜಾಗ ಬೇಕು ಎಂದು ಕೇಳುವವರಿಗೆ 15 ಬೇಕು. ಪದಬಂಧದ ಚೌಕ ಬರೆಯುವವರಿಗೆ 3 ಬೇಕು. ಕೆಲಸ ಕೆಡುವುದು ಒಬ್ಬರ ಲೆಕ್ಕವನ್ನು ಇನ್ನೊಬ್ಬರ ಜಾಗದಲ್ಲಿ ಬಳಸಿದಾಗ.

ಹೀಗೆ ಕೆಟ್ಟದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹಲವು ವರ್ಷಗಳ ಹಿಂದೆ ಒಂದು ಕಡೆ ಸದಸ್ಯರ ಪಟ್ಟಿ ಮುದ್ರಿಸುವ ಕೆಲಸ ನಮ್ಮ ತಂಡಕ್ಕೆ ಬಂದಿತ್ತು. ಹೆಸರಿನ ಜಾಗಕ್ಕೆ 30 ಎಂದು ಮಿತಿ ಇತ್ತು. 30 ಅಕ್ಷರ ಎಂದರೆ ಧಾರಾಳವಾಯಿತು ಎಂದುಕೊಂಡಿದ್ದೆವು, ಅದು 30 ಬೈಟಾಗಿತ್ತು. ಕೃಷ್ಣಮೂರ್ತಿ ಎಂಬ ಹೆಸರನ್ನು ಬಿಡಿಸಿ ನೋಡಿ. ಕಣ್ಣಿಗೆ ನಾಲ್ಕು ಅಕ್ಷರ, ಒಳಗೆ 11 ಕೋಡ್ ಪಾಯಿಂಟ್, 33 ಬೈಟ್. ಕೊನೆಯ ಮೂರು ಬೈಟ್ ಕತ್ತರಿಸಿ ಹೋದವು. ಆ ಮೂರು ಬೈಟ್ ಎಂದರೆ ಗುಡಿಸು. ಪಟ್ಟಿಯಲ್ಲಿ 'ಕೃಷ್ಣಮೂರ್ತ' ಎಂದು ಬಂತು. ವಯಸ್ಸಾದ ಒಬ್ಬರು ಆ ಹಾಳೆ ಹಿಡಿದುಕೊಂಡು ಬಂದು, 'ಏನಪ್ಪಾ, ನನ್ನ ಹೆಸರಿನ ಗುಡಿಸು ಎಲ್ಲಿ ಹೋಯ್ತು?' ಎಂದು ಕೇಳಿದರು. ಕೋಪದಿಂದ ಕೇಳಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದರು. ಉತ್ತರ ಹೇಳಲು ನನಗೆ ಆ ಹೊತ್ತಿಗೆ ಬರಲಿಲ್ಲ. ಇವತ್ತು ಹೇಳುತ್ತಿರುವುದೇ ಆ ಉತ್ತರ.

ಪರೀಕ್ಷೆಯ ಬಗ್ಗೆ ಒಂದು ಮುಖ್ಯವಾದ ಮಾತು. ಕನ್ನಡಕ್ಕೆ ನಿಮ್ಮ ಪ್ರೋಗ್ರಾಮ್ ಸರಿ ನಡೆಯುತ್ತದೆಯೇ ಎಂದು ನೋಡಲು ಎಲ್ಲರೂ 'ಕನ್ನಡ' ಎಂಬ ಪದವನ್ನೇ ಕೊಡುತ್ತಾರೆ. ದಯವಿಟ್ಟು ಅದೊಂದನ್ನೇ ನಂಬಬೇಡಿ. ಅದನ್ನು ಕೋಡ್ ಪಾಯಿಂಟಿನ ಲೆಕ್ಕದಲ್ಲಿ ತಿರುಗಿಸಿದರೆ ಡ, ನ, ಅರ್ಧಾಕ್ಷರದ ಚಿಹ್ನೆ, ನ, ಕ ಬರುತ್ತದೆ. ಅಂದರೆ 'ಡನ್ನಕ'. ಅಕ್ಷರದ ಲೆಕ್ಕದಲ್ಲಿ ತಿರುಗಿಸಿದರೂ 'ಡನ್ನಕ'. ಒತ್ತಕ್ಷರ ತನ್ನದೇ ಒತ್ತು ಆದ್ದರಿಂದ ಮತ್ತು ಸ್ವರಚಿಹ್ನೆ ಒಂದೂ ಇಲ್ಲದ್ದರಿಂದ ತಪ್ಪು ಪ್ರೋಗ್ರಾಮೂ ಇಲ್ಲಿ ಸರಿ ಉತ್ತರ ಕೊಡುತ್ತದೆ. 'ಕರ್ನಾಟಕ' ಕೊಡಿ. ಸರಿಯಾಗಿ ತಿರುಗಿಸಿದರೆ 'ಕಟರ್ನಾಕ' ಬರಬೇಕು. ಕೋಡ್ ಪಾಯಿಂಟ್ ತಿರುಗಿಸುವ ಪ್ರೋಗ್ರಾಮ್ 'ಕಟಾನ್ರಕ' ಎನ್ನುತ್ತದೆ. ದೀರ್ಘ ಟ ಗೆ ಹೋಯಿತು, ಅರ್ಕಾವತ್ತು ಹೋಗಿ ಕ್ರಾವಡಿ ಬಂತು. ಪಾಲಿಂಡ್ರೋಮಿಗೆ 'ಕನಕ' ಸಾಲದು, 'ನವಜೀವನ', 'ಸಮಾಸ', 'ವಿಕಟಕವಿ' ಕೊಡಿ.

'ಕೊ' ಬಗ್ಗೆಯೂ ಹೇಳಲೇಬೇಕು. ಓತ್ವಕ್ಕೆ 3274 ಎಂಬ ಒಂದೇ ಕೋಡ್ ಪಾಯಿಂಟ್ ಇದೆ. ಅದನ್ನೇ ಏತ್ವ 3270, ಕೊಂಬಿನ ದೀರ್ಘ 3266 ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹೋಲಿಸಿದರೆ ಬೇರೆ. ಹೋಲಿಸುವ ಮುಂಚೆ ನಾರ್ಮಲೈಸ್ ಮಾಡುವ, ಅಂದರೆ ಎರಡನ್ನೂ ಒಂದೇ ರೂಪಕ್ಕೆ ತರುವ ಫಂಕ್ಷನ್ ಕರೆಯುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಕರಾವಳಿಯಿಂದ ಬಂದವರಿಗೆ ಒಂದು ವಿಷಯ. 2024ರ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೆ ಜಾಗ ಸಿಕ್ಕಿತು. ಅದು ಶುರುವಾಗುವುದು 70528ರಿಂದ. ಜಾವಾದ ಕ್ಯಾರೆಕ್ಟರ್ 65535ಕ್ಕೇ ಮುಗಿಯುತ್ತದೆ ಎಂದು ಆಗಲೇ ಹೇಳಿದೆ. ಆದ್ದರಿಂದ ಆ ಲಿಪಿಯ ಒಂದೇ ಒಂದು ಅಕ್ಷರವನ್ನೂ ಜಾವಾದ ಸಿಂಗಲ್ ಕೋಟಿನೊಳಗೆ ಇಡಲಾಗುವುದಿಲ್ಲ, ಎಮೋಜಿಗಳಂತೆ ಅದು ಎರಡು ತುಂಡಾಗುತ್ತದೆ. ಗೋ ಮತ್ತು ರಸ್ಟ್‌ನಲ್ಲಿ ಇಡಬಹುದು. ಆ ಲಿಪಿಗೆ ಕೀಬೋರ್ಡ್, ನಿಘಂಟು ಮಾಡಲು ಹೊರಟವರು ಇದನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಕೊನೆಗೆ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ: 'ಸರ್, ಹಾಗಾದರೆ ಕನ್ನಡಕ್ಕೆ ಕ್ಯಾರೆಕ್ಟರ್ ಲಿಟರಲ್ ಬಳಸಲೇಬಾರದಾ?'

ಬಳಸಿ. ಅಕ್ಷರ ಎಂಬುದನ್ನು ಸ್ಟ್ರಿಂಗ್ ಆಗಿ ಇಟ್ಟುಕೊಳ್ಳಿ, ಅಕ್ಷರವನ್ನು ಕಟ್ಟುವ ಭಾಗಗಳನ್ನು ಗುರುತಿಸಲು ಲಿಟರಲ್ ಬಳಸಿ. ಕನ್ನಡ ಅಂಕಿಗಳು 3302ರಿಂದ 3311ರ ತನಕ ಸಾಲಾಗಿವೆ. ಹಾಗಾಗಿ ಜಾವಾ, ಗೋ ಎರಡರಲ್ಲೂ '೫' - '೦' ಎಂದರೆ 5 ಸಿಗುತ್ತದೆ, ಆಸ್ಕಿಯ ಹಳೆಯ ಉಪಾಯ ಇಲ್ಲೂ ನಡೆಯುತ್ತದೆ. ಬಂದದ್ದು ವ್ಯಂಜನವೇ ಎಂದು ನೋಡಲು 'ಕ' ದಿಂದ 'ಹ' ದ ತನಕ ಹೋಲಿಸಬಹುದು. ಛಂದಸ್ಸಿನ ಪ್ರೋಗ್ರಾಮ್ ಬರೆಯುವ ಆಸೆ ಇದ್ದವರಿಗೆ ಇದು ಬೇಕೇ ಬೇಕು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಹೈಸ್ಕೂಲಿನಲ್ಲಿ ಕಲಿತಿದ್ದೀರಿ. ಭಾಮಿನಿ ಷಟ್ಪದಿಯ ಮೊದಲ ಸಾಲಿನಲ್ಲಿ 14 ಮಾತ್ರೆ ಸರಿಯಾಗಿ ಬರಬೇಕಾದರೆ ಪ್ರೋಗ್ರಾಮ್ ಮುಂದಿನ ಅಕ್ಷರದಲ್ಲಿ ಒತ್ತು ಇದೆಯೇ ಎಂದು ಇಣುಕಬೇಕು. ಒತ್ತು ಎಂದರೆ ಅರ್ಧಾಕ್ಷರದ ಚಿಹ್ನೆಯ ಮುಂದೆ ಒಂದು ವ್ಯಂಜನ, ಅಷ್ಟೇ. ಯೂನಿಕೋಡ್ 15.1 ನಮಗೆ ಕೊಡದ ಆ ನಿಯಮವನ್ನು ನೀವೇ ನಾಲ್ಕು ಸಾಲಿನಲ್ಲಿ ಬರೆದುಕೊಳ್ಳಬಹುದು. ನಡುವೆ 8204 ಬಂದರೆ ಮಾತ್ರ ಕೂಡಿಸಬೇಡಿ. 'ಸಾಫ್ಟ್‌ವೇರ್' ಎಂದು ಬರೆಯುವಾಗ ವೇ ಯನ್ನು ಟ ದ ಕೆಳಗೆ ಇಳಿಯದಂತೆ ತಡೆದು ನಿಲ್ಲಿಸುವ, ಕಣ್ಣಿಗೆ ಕಾಣದ ಗುರುತು ಅದು.

ಆ ನಾಲ್ಕು ಸಾಲು ಬರೆಯುವಾಗ ಒಂದು ತೊಡಕು ಎದುರಾಗುತ್ತದೆ, ಈಗಲೇ ಹೇಳಿಬಿಡುತ್ತೇನೆ. ಅರ್ಧಾಕ್ಷರದ ಚಿಹ್ನೆಯೊಂದನ್ನೇ ಸಿಂಗಲ್ ಕೋಟಿನೊಳಗೆ ಟೈಪ್ ಮಾಡಿದರೆ ಅದು ಹಿಡಿದುಕೊಳ್ಳಲು ವ್ಯಂಜನ ಸಿಗದೆ ಎಡಗಡೆಯ ಕೋಟಿಗೇ ಹೋಗಿ ಅಂಟಿಕೊಳ್ಳುತ್ತದೆ, ಇಲ್ಲವೇ ಚುಕ್ಕೆಗಳ ಒಂದು ವೃತ್ತದ ಮೇಲೆ ಕೂರುತ್ತದೆ. ಕಂಪೈಲರಿಗೆ ಏನೂ ತೊಂದರೆಯಿಲ್ಲ, ಓದುವವರಿಗೆ ಆ ಸಾಲು ಕೆಟ್ಟಂತೆ ಕಾಣುತ್ತದೆ. ಯಾರೋ ಬಂದು 'ತಿದ್ದಿ' ಅಳಿಸಿಬಿಡುತ್ತಾರೆ, ನಮ್ಮಲ್ಲಿ ಹಾಗಾಗಿದೆ. ಅದಕ್ಕೇ ಆ ಚಿಹ್ನೆಯನ್ನು ಟೈಪ್ ಮಾಡದೆ, ಬ್ಯಾಕ್‌ಸ್ಲ್ಯಾಶ್ ಯು ಹಾಕಿ ಸೊನ್ನೆ ಸಿ ಸಿ ಡಿ ಎಂದು ಅದರ ಹದಿನಾರರ ಲೆಕ್ಕದ ಸಂಖ್ಯೆಯಲ್ಲಿ ಬರೆಯಿರಿ, ಒಂದು ಹೆಸರು ಕೊಟ್ಟು ಫೈಲಿನ ಮೇಲ್ಗಡೆ ಇಡಿ, ಪಕ್ಕದಲ್ಲಿ ಕಾಮೆಂಟು ಹಾಕಿ: ಅರ್ಧಾಕ್ಷರದ ಚಿಹ್ನೆ, 3277.